ಚಹಾ ಕುಡಿದ ಮೇಲಿನ ಮಾತು

ಮಹಾರಾಷ್ಟ್ರದ ಸಾಂಗಲಿ ಪಕ್ಕದ ಕುಪವಾಡದ ವರ್ಕ್‌ಶಾಪುಗಳಲ್ಲಿ ವ್ಯಾಪಾರ ಮಾಡಬೇಕೆಂದು ಬರುವವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದು: ದರ ತೀರ್ಮಾನವಾಗುವ ಮುಂಚೆ ಯಾರ ಚಹಾವನ್ನೂ ಕುಡಿಯಬೇಡಿ. ಮುಂಚೆ ಕುಡಿದರೆ ನಾಲಿಗೆ ಮೆತ್ತಗಾಗುತ್ತದೆ. ಹಗ್ಗಜಗ್ಗಾಟ ಎಲ್ಲ ಮುಗಿದು, ಇನ್ನು ಆಯಿತು ಎನ್ನುವಾಗ ಎದುರಿನವನು ಬಾಗಿಲ ಕಡೆ ತಿರುಗಿ ಎರಡು ಚಹಾ ಹೇಳುತ್ತಾನೆ. ಆ ಚಹಾ ಇಬ್ಬರ ಗಂಟಲಿಗೂ ಇಳಿಯಿತೆಂದರೆ ಸೌದಾ ಪಕ್ಕಾ. ಆಮೇಲೆ ಬಜಾರು ಏರಲಿ, ಇಳಿಯಲಿ, ಯಾರೂ ಹಿಂದೆ ಸರಿಯುವಂತಿಲ್ಲ. ಸಹಿ ಇಲ್ಲ, ಶಿಕ್ಕಾ ಇಲ್ಲ. ಚಹಾ ಕುಡಿದ ಮೇಲೆ ಲಿಖಿತ ಕೇಳಿದರೆ ಅದು ಬೈಗುಳಕ್ಕೆ ಸಮ. ಕೇಳಿಸಿಕೊಂಡವನು ಮುಂದಿನ ಸಲ ನಿಮಗೆ ಗೇಟು ತೆಗೆಯುವುದಿಲ್ಲ.

ನನ್ನದು ಚಿಂದಿಯ ದಂಧೆ. ಸಾಂಗಲಿ, ಮಿರಜದ ಟೇಲರುಗಳಿಂದ, ಹೊಲಿಗೆ ಕಾರಖಾನೆಗಳಿಂದ ಬಟ್ಟೆಯ ಚೂರು ತಂದು, ಆರಿಸಿ, ಎಂಐಡಿಸಿ ಎನ್ನುವ ಕೈಗಾರಿಕಾ ವಸಾಹತಿನ ವರ್ಕ್‌ಶಾಪುಗಳಿಗೆ ಮಶೀನು ಒರೆಸಲು ಕೊಡುತ್ತೇನೆ. ಹತ್ತಿ ಚಿಂದಿ ಎಣ್ಣೆ ಹೀರುತ್ತದೆ, ಟೆರಿಕಾಟು ಹೀರುವುದಿಲ್ಲ. ಇಷ್ಟು ತಿಳಿದುಕೊಂಡು ಸೊಂಟದ ಮೇಲೆ ಗೋಣಿಚೀಲ ಇಟ್ಟುಕೊಂಡು ಶುರು ಮಾಡಿದವಳಿಗೆ ಈಗ ಒಂದು ಟೆಂಪೋ ಇದೆ, ಬಾಡಿಗೆಯ ತಗಡಿನ ಶೆಡ್ಡಿದೆ. ವರ್ಕ್‌ಶಾಪಿನವರೆಲ್ಲ ‘ಚಿಂದಿ ಮಾವಶಿ’, ಚಿಂದಿ ಚಿಕ್ಕಮ್ಮ, ಎನ್ನುತ್ತಾರೆ. ನಾನು ಗಡಿಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಈ ಎರಡರಲ್ಲೂ ನನ್ನನ್ನು ಮಾತಿನಲ್ಲಿ ಸೋಲಿಸಿದವರು ಕಡಿಮೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮಾತು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂದು ಹೇಳಬೇಕಾಗಿದೆ, ಅದಕ್ಕೆ.

ನಮಗೆ ಒಬ್ಬಳೇ ಮಗಳು. ಹನ್ನೆರಡನೆಯದು ಮುಗಿಸಿದಾಗ ಬಿ.ಎಸ್ಸಿ. ಮಾಡುತ್ತೇನೆ ಎಂದಳು, ಕೆಮಿಸ್ಟ್ರಿಯ ಮೇಲೆ ಅವಳಿಗೆ ಒಲವು. ಗಡಿನಾಡಿನ ಕನ್ನಡ ಮಕ್ಕಳಿಗೆ ಆ ಕಡೆಯ ಕಾಲೇಜುಗಳಲ್ಲಿ ಸ್ವಲ್ಪ ಸೀಟು ಇಟ್ಟಿರುತ್ತಾರೆ ಎಂದು ಸಂಬಂಧಿಕರೊಬ್ಬರು ಹೇಳಿದರು. ನಾನೇ ಓಡಾಡಿ ಕರ್ನಾಟಕದ ಒಂದು ತಾಲೂಕು ಊರಿನ ಕಾಲೇಜಿನಲ್ಲಿ ಸೀಟು ಮಾಡಿಸಿದೆ. ಹಾಸ್ಟೆಲು ಕೂಡ ಸಿಕ್ಕಿತು. ಮೊದಲ ತಿಂಗಳು ಅಲ್ಲಿಯ ಹುಡುಗಿಯರು ಅವಳ ಕನ್ನಡ ಕೇಳಿ ನಕ್ಕರಂತೆ. ‘ಮರಾಠಿ ಬಾಯಿ’ ಎಂದು ಹೆಸರಿಟ್ಟರು. ಅವಳೂ ಹಟದವಳು. ವರ್ಷದ ಕೊನೆಗೆ ಎಲ್ಲ ವಿಷಯಗಳಿಗಿಂತ ಕನ್ನಡ ಪೇಪರಿನಲ್ಲೇ ಅವಳಿಗೆ ಹೆಚ್ಚು ಅಂಕ ಬಂದವು. ಫೋನಿನಲ್ಲಿ ಹೇಳುವಾಗ ಅವಳ ಧ್ವನಿಯಲ್ಲಿ ಎಂಥ ಗತ್ತು! ‘ಅವ್ವಾ, ಈಗ ನಿನ್ನ ಕನ್ನಡದಾಗೂ ತಪ್ಪ ಹಿಡಿತೇನಿ ನೋಡ’ ಎಂದಳು.

ಆ ಫಲಿತಾಂಶ ಬಂದ ವಾರದಲ್ಲೇ ನನ್ನ ಗಂಡ ಲೇಥ್ ಮಶೀನಿನ ಮುಂದೆ ಕುಸಿದು ಬಿದ್ದರು. ಅವರು ಎಂಐಡಿಸಿಯಲ್ಲಿ ಟರ್ನರು. ಮಿರಜದ ಆಸ್ಪತ್ರೆಯಿಂದ ಮನೆಗೆ ತಂದಾಗ ಬಲಗಡೆಯ ಕೈಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ, ಮಾತು ತುಂಡುತುಂಡಾಗಿ ಬರುತ್ತಿತ್ತು. ಎಬ್ಬಿಸಿ ಕೂರಿಸಲು ಒಬ್ಬರು, ಉಣಿಸಲು ಒಬ್ಬರು ಬೇಕು. ನಾನು ಮನೆಯಲ್ಲಿ ಕುಳಿತರೆ ಒಲೆ ಉರಿಯುವುದಿಲ್ಲ, ಹೊರಗೆ ಹೋದರೆ ಅವರು ಒಬ್ಬರೇ.

ಮಗಳು ಫೋನಿನಲ್ಲಿ ಒಂದೇ ಮಾತು ಹೇಳಿದಳು: ‘ಅವ್ವಾ, ನಾ ಬಂದಬಿಡ್ತೇನಿ. ಕಾಲೇಜ ಬಿಡ್ತೇನಿ.’

‘ಬಿಡೂದ್ಯಾಕ?’ ಎಂದೆ. ‘ಅಲ್ಲಿಂದ ಕಿತ್ತು ಇಲ್ಲಿ ಹಚ್ಚೂಣು. ಮುಂಜಾನೆ ಸಾಂಗಲ್ಯಾಗ ಕಾಲೇಜು, ಮಧ್ಯಾಹ್ನದಿಂದ ಅಪ್ಪನ ಹತ್ತರ. ನಾ ಅದೇನಿ, ನೀ ಯಾಕ ಅಂಜ್ತಿ?’

ನನಗೆ ಧೈರ್ಯ ಎಲ್ಲಿಂದ ಬಂದಿತ್ತು ಎಂದರೆ ಸಾಂಗಲಿಯ ಕಾಲೇಜೊಂದರ ಗೋಡೆಯ ಮೇಲಿನ ಫ್ಲೆಕ್ಸಿನಿಂದ. ಟೆಂಪೋದಲ್ಲಿ ಅದರ ಮುಂದೆ ದಿನವೂ ಹೋಗುತ್ತಿದ್ದೆ. ಕರಿ ಗೌನು ಹಾಕಿಕೊಂಡ ಹುಡುಗಿಯೊಬ್ಬಳು ನಗುತ್ತಿದ್ದಳು. ಎಲ್ಲಿ ಬೇಕಾದರೂ ಕಲಿಯಿರಿ, ನಡುವೆ ಬಿಡಿ, ಮತ್ತೆ ಸೇರಿ, ನಿಮ್ಮ ಕ್ರೆಡಿಟ್ ನಿಮ್ಮ ಜೊತೆಗೇ ಬರುತ್ತದೆ ಎಂದು ಮರಾಠಿಯಲ್ಲಿ ಬರೆದಿತ್ತು. ಕ್ರೆಡಿಟ್ ಎಂದರೆ ಏನೆಂದು ಮಗಳನ್ನು ಕೇಳಿದ್ದೆ. ‘ಒಂದೊಂದು ವಿಷಯ ಪಾಸಾದರ ಇಷ್ಟಿಷ್ಟು ಅಂತ ನಮ್ಮ ಖಾತೇಕ ಜಮಾ ಆಗತಾವು ಅವ್ವಾ. ಸರಕಾರದ ಕ್ರೆಡಿಟ್ ಬ್ಯಾಂಕ್ ಐತಿ’ ಎಂದು ಹೇಳಿ ಅದರ ಚಿತ್ರವನ್ನು ನನ್ನ ಮೊಬೈಲಿಗೆ ಕಳಿಸಿದ್ದಳು. ಅವಳ ಹೆಸರು, ಕೆಳಗೆ ಎರಡು ಸೆಮಿಸ್ಟರಿನ ಜಮಾ. ಬ್ಯಾಂಕು ಎಂದ ಮೇಲೆ ನನಗೆ ಮುಂದೆ ವಿವರಿಸುವುದು ಬೇಕಿರಲಿಲ್ಲ. ಮಿರಜದ ಶಾಖೆಯಲ್ಲಿ ಕಟ್ಟಿದ್ದನ್ನು ಕೊಲ್ಹಾಪುರದಲ್ಲಿ ತೆಗೆಯುತ್ತೇನಲ್ಲ, ಇದೂ ಹಾಗೆಯೇ ಇರಬೇಕು ಎಂದುಕೊಂಡೆ. ಯಾರೇ ಆದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಅಂದುಕೊಳ್ಳಲಿ ಎಂದೇ ಆ ಹೆಸರು ಇಟ್ಟಿದ್ದಾರೆ.

ಒಂದು ಸೋಮವಾರ ಆ ಕಾಲೇಜಿನ ಆಫೀಸಿಗೆ ಹೋದೆ. ಅಲ್ಲಿಯ ಸುಪರಿಂಟೆಂಡೆಂಟರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಫೈಲು ಓದುವ ಮನುಷ್ಯ. ಊರು ಯಾವುದೆಂದು ಕೇಳಿದೆ. ಮೊದಲು ಊರು ಕೇಳುವುದು ನನ್ನ ಪದ್ಧತಿ. ಕಸಬೆ ಡಿಗ್ರಜ ಎಂದರು. ಅವರ ಅಜ್ಜಿ ಮನೆಯಲ್ಲಿ ಕನ್ನಡ ಆಡುತ್ತಿದ್ದರಂತೆ. ಅಲ್ಲಿಗೆ ಅರ್ಧ ಕೆಲಸ ಆಯಿತು ಎಂದುಕೊಂಡೆ. ಗಂಡನ ಸ್ಥಿತಿ ಹೇಳಿದೆ, ಮಗಳ ಅಂಕ ಹೇಳಿದೆ, ಅವಳು ಎರಡನೆಯ ವರ್ಷಕ್ಕೆ ಬರಬೇಕೆಂದು ಹೇಳಿದೆ.

‘ದುಸರ‍್ಯಾ ವರ್ಷಾತ್ ಜಾಗಾ ಆಹೇತ್’ ಎಂದರು. ಎರಡನೆಯ ವರ್ಷದಲ್ಲಿ ಜಾಗ ಇದೆ ಎಂದು. ಕೆಲವು ಹುಡುಗರು ಬಿಟ್ಟು ಹೋಗಿದ್ದರಂತೆ.

ಜಾಗ ಇದೆ ಎಂದು ಎದುರಿನವನೇ ಬಾಯಿಬಿಟ್ಟ ಮೇಲೆ ನಾನು ಸುಮ್ಮನಿರುವವಳಲ್ಲ. ಪ್ರಾಕ್ಟಿಕಲ್ ಬೆಳಗಿನ ಪಾಳಿಯಲ್ಲಿ ಬೇಕು ಎಂದೆ. ಅಪ್ಪನ ಫಿಜಿಯೋಥೆರಪಿ ದಿನ ಬೇಗ ಬಿಡಬೇಕು ಎಂದೆ. ಹಾಜರಿಯಲ್ಲಿ ಸ್ವಲ್ಪ ಸಡಿಲ ಕೊಡಬೇಕು ಎಂದೆ. ಅವರು ಕನ್ನಡಕ ಇಳಿಸಿ ನಕ್ಕರು.

‘ಮಾವಶಿ, ಇದು ಭಾಜಿ ಮಂಡಿ ಅಲ್ಲರಿ’ ಎಂದರು, ಅಜ್ಜಿಯ ಕನ್ನಡದಲ್ಲಿ. ‘ಮೊದಲ ಹುಡುಗೀನ ಕರಕೊಂಡ ಬರ್ರಿ. ನಾವ ತಗೋತೇವಿ.’

‘ನಕ್ಕೀ?’ ಎಂದೆ, ಪಕ್ಕಾ ತಾನೆ ಎಂದು.

‘ನಕ್ಕೀ’ ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ ಎರಡು ಚಹಾ ಹೇಳಿದರು.

ನಾನು ಆ ಚಹಾವನ್ನು ಕಪ್ಪು-ಬಸಿ ಸಮೇತ ಹಣೆಗೆ ಮುಟ್ಟಿಸಿಕೊಂಡು ಕುಡಿದೆ. ಅವರೂ ಕುಡಿದರು. ಹೊರಗೆ ಬಂದು ಟೆಂಪೋ ಹತ್ತುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಈಗ ಎರಡನೆಯ ಪಾಠ. ನಮ್ಮ ದಂಧೆಯಲ್ಲಿ ಚಹಾ ಆದ ಮೇಲೆ ಮಾಲನ್ನು ಹಳೆಯ ಗೋದಾಮಿನಲ್ಲಿ ಇಡುವುದಿಲ್ಲ. ಎತ್ತಿ ಹೊಸ ಬಾಗಿಲಿಗೆ ತಂದು ನಿಲ್ಲಿಸಬೇಕು. ಬಾಗಿಲಲ್ಲಿ ನಿಂತ ಟೆಂಪೋವನ್ನು ಯಾರೂ ತಿರುಗಿ ಕಳಿಸುವುದಿಲ್ಲ. ನಾಲ್ಕು ಮಂದಿ ನೋಡುತ್ತಾರಲ್ಲ, ಮರ್ಯಾದೆಯ ಪ್ರಶ್ನೆ. ತಡ ಮಾಡಿದರೆ ಮಾತ್ರ ಎದುರಿನವನಿಗೆ ಬೇರೆ ಬುದ್ಧಿ ಬರುತ್ತದೆ. ಹೀಗೆ ಎಷ್ಟೋ ವರ್ಷ ಮಾಡಿದ್ದೇನೆ, ಒಮ್ಮೆಯೂ ಕೈಕೊಟ್ಟಿಲ್ಲ. ಅದೇ ವಾರ ಗಂಡನನ್ನು ನೆರೆಮನೆಯವರಿಗೆ ಒಪ್ಪಿಸಿ ಗಡಿಯಾಚೆಗೆ ಬಸ್ಸು ಹತ್ತಿದೆ.

ಅಲ್ಲಿಯ ಕಾಲೇಜಿನ ಗುಮಾಸ್ತೆ ವಯಸ್ಸಾದ ಹೆಂಗಸು. ಟಿ.ಸಿ. ಬೇಕು ಎಂದಾಗ ತಲೆ ಎತ್ತಿ ನೋಡಿದಳು.

‘ಅಲ್ಲಿಂದ ಒಪ್ಪಿಗಿ ಪತ್ರ ಬಂದೈತೇನ್ರಿ?’

‘ಮಾತ ಆಗೇತ್ರಿ.’

‘ಪತ್ರ ಬರಲಿ, ಆಮ್ಯಾಲೆ ಒಯ್ಯೀರಂತ. ಟಿ.ಸಿ. ಕೊಟ್ಟಮ್ಯಾಲೆ ಆಕಿ ನಮ್ಮ ಹುಡುಗಿ ಅಲ್ಲರಿ. ತಿಳೀತಿಲ್ಲ?’

‘ಅಕ್ಕಾರ, ದೊಡ್ಡ ಮನಷ್ಯಾ ಎದುರ ಕುಂತು ನಕ್ಕೀ ಅಂದಾನ. ಚಹಾ ಕುಡಿಸ್ಯಾನ.’

‘ಚಹಾಕ್ಕ ನಮ್ಮ ರಜಿಸ್ಟರದಾಗ ಕಾಲಮ್ಮ ಇಲ್ಲರಿ’ ಎಂದಳು ಗುಮಾಸ್ತೆ. ಪಕ್ಕದ ಮೇಜಿನವರು ನಕ್ಕರು. ಮಗಳು ನನ್ನ ಸೆರಗು ಜಗ್ಗಿದಳು.

‘ಅವ್ವಾ, ಅವರ ಹೇಳೂದ ಖರೇ ಇರಬೇಕು. ಒಂದ ಪತ್ರ ತಗೊಂಡ ಬಂದಬಿಡು. ನಾ ಇಲ್ಲೇ ಇರ್ತೇನಿ ಅಲ್ಲೀತನಕ.’

‘ನೀ ಇಲ್ಲಿರ್ತಿ, ಅಲ್ಲಿ ನಿಮ್ಮಪ್ಪನ್ನ ಯಾರು ಎಬ್ಬಸ್ತಾರ?’ ಎಂದೆ. ‘ಚಹಾ ಕುಡದ ಮನಷ್ಯಾನ ಹತ್ತರ ಹೋಗಿ ಬರದ ಕೊಡು ಅಂದ್ರ ಏನ ತಿಳಕೊಂಡಾನು? ನಂಬಿಗಿ ಇಲ್ಲೇನು ಅಂತ ಇದ್ದದ್ದೂ ಬಿಟ್ಟಾನು.’

ಅವಳು ಸೆರಗು ಬಿಟ್ಟಳು. ಅಪ್ಪನ ಹೆಸರು ತೆಗೆದರೆ ಅವಳು ಎದುರಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಟಿ.ಸಿ. ಬರೆಯಿಸಿಕೊಂಡೆವು. ಹಾಸ್ಟೆಲಿನ ಹುಡುಗಿಯರು ಬಸ್‌ಸ್ಟ್ಯಾಂಡಿನವರೆಗೂ ಬಂದರು. ‘ಏ ಮರಾಠಿ ಬಾಯಿ, ಅಲ್ಲಿ ಹೋಗಿ ಕನ್ನಡ ಬಾಯಿ ಆಗ್ತಿ ನೋಡ!’ ಎಂದು ಒಬ್ಬಳು ಕೂಗಿದಳು. ಬಕೆಟ್ಟಿನೊಳಗೆ ಪುಸ್ತಕ ತುರುಕಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮಗಳು ಕಿಟಕಿಯಾಚೆ ನೋಡುತ್ತ ಕುಳಿತಳು. ಗಡಿ ದಾಟುವಾಗ ಬೋರ್ಡಿನ ಅಕ್ಷರ ಬದಲಾಗುತ್ತದಲ್ಲ, ಅಷ್ಟೇ. ಬಸ್ಸು ನಿಲ್ಲುವುದೂ ಇಲ್ಲ.

ಮರುದಿನ ಮಗಳನ್ನು ಕರೆದುಕೊಂಡು ಸಾಂಗಲಿಯ ಕಾಲೇಜಿಗೆ ಹೋದೆ. ಸುಪರಿಂಟೆಂಡೆಂಟರು ಕಾಗದಗಳನ್ನು ಒಂದೊಂದಾಗಿ ತಿರುವಿದರು. ಟಿ.ಸಿ. ಕಂಡಾಗ ಕನ್ನಡಕ ಹಣೆಯಿಂದ ತಾನಾಗಿಯೇ ಕೆಳಗಿಳಿಯಿತು.

‘ಇದನ್ನ್ಯಾಕ ತಂದ್ರಿ?’

‘ನೀವ ಕರಕೊಂಡ ಬರ್ರಿ ಅಂದ್ರೆಲ್ಲ?’

‘ಹುಡುಗೀನ ಕರಕೊಂಡ ಬರ್ರಿ ಅಂದಿದ್ದೆ. ಅರ್ಜಿ ಮಾಡಿ ವಿದ್ಯಾಪೀಠಕ್ಕ, ಅಂದ್ರ ಯುನಿವರ್ಸಿಟಿಗಿ, ಕಳಸಬೇಕು. ಅವರು ಆಕಿ ವಿಷಯ, ಕ್ರೆಡಿಟ್ ಎಲ್ಲಾ ತಾಳೆ ನೋಡಿ ಪರವಾನಗಿ ಕೊಡಬೇಕು. ಪರವಾನಗಿ ಬಂದಮ್ಯಾಲೆ ಆ ಕಾಲೇಜಿನ ಎನ್‌ಓಸಿ. ಕಡೀಕ ಟಿ.ಸಿ.’

‘ನೀವು ತಗೋತೇವಿ ಅಂದ್ರಿ. ನಕ್ಕೀ ಅಂದ್ರಿ. ಚಹಾ ಕುಡದ್ರಿ!’

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟು ಇರಲಿಲ್ಲ. ‘ಮಾವಶಿ, ಜೂನ್ ತಿಂಗಳದಾಗ ಇಲ್ಲಿ ಬಂದವರಿಗೆಲ್ಲಾ ಚಹಾ ಹೇಳ್ತೀವ್ರಿ’ ಎಂದರು. ‘ನಾವು ತಗೋತೇವಿ ಅಂದದ್ದು ಸುಳ್ಳಲ್ಲ. ಈಗೂ ತಗೋತೇವಿ. ವಿದ್ಯಾಪೀಠ ಹೂಂ ಅನ್ನಬೇಕಲ್ಲ?’

ಮೋಸ ಮಾಡುವ ಮನುಷ್ಯ ಸಿಕ್ಕರೆ ಎಲ್ಲರ ಎದುರಿಗೆ ಜಗಳಾಡಿ ನನಗೆ ಅಭ್ಯಾಸ. ಮೋಸ ಮಾಡದ ಮನುಷ್ಯನ ಜೊತೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಆ ದಿನ ಅರ್ಜಿ ಬರೆದರು, ಅವರೇ ಕೈಯಾರೆ ತುಂಬಿದರು, ಪ್ರಾಚಾರ್ಯರ ಸಹಿ ಮಾಡಿಸಿಕೊಟ್ಟರು. ಅದನ್ನು ಹಿಡಿದು ವಿದ್ಯಾಪೀಠದ ಊರಿಗೆ ಹೋಗುವುದು ಶುರುವಾಯಿತು.

ವಿದ್ಯಾಪೀಠದ ಆ ಕಿಟಕಿಯ ಮುಂದೆ ನನ್ನಂಥ ತಂದೆತಾಯಿಗಳ ಒಂದು ಜಾತಿಯೇ ಇತ್ತು. ಪ್ಲಾಸ್ಟಿಕ್ ಫೈಲು, ನೀರಿನ ಬಾಟಲಿ, ಮುಖದಲ್ಲಿ ಗುಮಾಸ್ತರಿಗೆ ಕೊಡಲು ಒಂದು ನಗು. ಜತ್ತ ಕಡೆಯ ಕುರಿ ಸಾಕುವವರೊಬ್ಬರು ಪಕ್ಕದಲ್ಲಿ ಕುಳಿತಿದ್ದರು. ಮಗನನ್ನು ಕರ್ನಾಟಕದಿಂದ ಈ ಕಡೆಗೆ ತರಲು ಅವರೂ ಬಂದಿದ್ದರು. ನನ್ನ ಕನ್ನಡ ಕೇಳಿ ಸರಿದು ಹತ್ತಿರ ಬಂದರು.

‘ನಮ್ಮ ಕುರಿ ವರ್ಷಾ ಗಡಿ ದಾಟತಾವ ಅಕ್ಕಾರ. ಆಚೆ ಮೇದದ್ದು ಈಚೆ ಲೆಕ್ಕಕ್ಕಿಲ್ಲ ಅಂತ ಯಾವಾಗರೆ ಯಾರರೆ ಅಂದಾರೇನು? ಮೈಯಾಗ ಹತ್ತಿದ್ದು ಹತ್ತಿದ್ದೇ.’

‘ಕುರಿಗಿ ಸೆಮಿಸ್ಟರ್ ಇಲ್ಲರಿ ಕಾಕಾ’ ಎಂದೆ. ಇಬ್ಬರೂ ನಕ್ಕೆವು. ಕೊನೆಗೆ ಅವರು ಮಗನನ್ನು ಮತ್ತೆ ಅಲ್ಲೇ ಬಿಟ್ಟರಂತೆ. ಅವರು ಟಿ.ಸಿ. ತೆಗೆಸಿರಲೇ ಇಲ್ಲ. ಅವರು ಜಾಣರು.

ಕಿಟಕಿಯ ಒಳಗಿದ್ದ ಅಧಿಕಾರಿ ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿದ್ದಳೇನೋ. ಒಳಗೆ ಕರೆದು ಕುರ್ಚಿ ಕೊಟ್ಟಳು. ಮರಾಠಿಯಲ್ಲಿ ಸಾವಕಾಶವಾಗಿ, ದಡ್ಡ ಮಗುವಿಗೆ ಲೆಕ್ಕ ಹೇಳಿಕೊಡುವಂತೆ ಹೇಳಿದಳು. ಈ ಕಡೆ ಹೊಸ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದ್ಧತಿ ನಡೆಯುತ್ತಿದೆ. ಆ ಕಡೆಯ ಸರಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಹೋಗಿದೆ. ಅಲ್ಲಿ ಒಂದು ವಿಷಯಕ್ಕೆ ಕೊಡುವ ಭಾರ ಬೇರೆ, ಇಲ್ಲಿಯದು ಬೇರೆ. ಇಲ್ಲಿ ಮೊದಲ ವರ್ಷದಲ್ಲಿ ಕಡ್ಡಾಯವಾದ ಕೆಲವು ವಿಷಯ ನಿಮ್ಮ ಮಗಳು ಓದಿಲ್ಲ. ಅವಳು ಓದಿದ ಕನ್ನಡಕ್ಕೆ ನಮ್ಮಲ್ಲಿ ಜೋಡಿ ವಿಷಯವೇ ಇಲ್ಲ, ಆ ಕ್ರೆಡಿಟ್ ಹಿಡಿಯಲು ಬರುವುದಿಲ್ಲ. ಹಾಗಾಗಿ ಎರಡನೆಯ ವರ್ಷಕ್ಕೆ ಬೇಕಾದಷ್ಟು ತುಂಬುವುದಿಲ್ಲ.

‘ಆದ್ರ ಬ್ಯಾಂಕಿನಾಗ ಜಮಾ ಅದಾವಲ್ಲ?’ ಎಂದು ಮರಾಠಿಯಲ್ಲೇ ಕೇಳಿದೆ. ಮೊಬೈಲು ತೆಗೆದು ತೋರಿಸಿದೆ.

‘ಜಮಾ ಇವೆ ತಾಯಿ. ಸುರಕ್ಷಿತವಾಗಿವೆ. ಎಲ್ಲಿಗೂ ಹೋಗುವುದಿಲ್ಲ.’

‘ಹಂಗಾದ್ರ ತಕ್ಕೊಳ್ರಿ.’

‘ತೆಗೆದುಕೊಳ್ಳುವುದು ಬಿಡುವುದು ಸೇರಿಸಿಕೊಳ್ಳುವ ವಿದ್ಯಾಪೀಠದ ನಿಯಮದ ಮೇಲೆ. ನೀತಿ ತೆಗೆದುಕೊಳ್ಳಬಹುದು ಎನ್ನುತ್ತದೆ. ತೆಗೆದುಕೊಳ್ಳಲೇಬೇಕು ಎನ್ನುವುದಿಲ್ಲ.’

ನಾನು ಅಲ್ಲಿ ಏನೇನು ಪ್ರಯತ್ನ ಮಾಡಲಿಲ್ಲ! ಕಡಿಮೆ ಬಿದ್ದ ವಿಷಯಗಳನ್ನು ಎರಡನೆಯ ವರ್ಷದ ಜೊತೆಗೇ ಬರೆಯುತ್ತಾಳೆ ಎಂದೆ. ಅರ್ಧ ಹಿಡಿಯಿರಿ, ಕನ್ನಡ ಬಿಟ್ಟು ಉಳಿದದ್ದು ಹಿಡಿಯಿರಿ ಎಂದೆ. ಈ ವರ್ಷ ಕೂರಿಸಿಕೊಳ್ಳಿ, ಲೆಕ್ಕ ಮುಂದಿನ ವರ್ಷ ಮಾಡೋಣ ಎಂದೆ. ಎದುರಿಗಿರುವವರು ಮಾರುವವರೋ ಕೊಳ್ಳುವವರೋ ಆಗಿದ್ದರೆ ಎಲ್ಲೋ ಒಂದು ಕಡೆ ಸಂದು ಸಿಗುತ್ತದೆ. ಅವರಿಗೂ ಏನೋ ಬೇಕಿರುತ್ತದೆ. ಆ ಹುಡುಗಿಗೆ ನನ್ನಿಂದ ಏನೂ ಬೇಕಿರಲಿಲ್ಲ. ಏನೂ ಬೇಡದವರ ಹತ್ತಿರ ಚೌಕಾಶಿ ಮಾಡಲು ಬರುವುದಿಲ್ಲ. ನಾನು ಎದ್ದು ಹೊರಡುವಾಗ ಅವಳ ಮುಖವೂ ಸಪ್ಪಗಿತ್ತು. ‘ಹಳೆಯ ಕಾಲೇಜಿಗೇ ಮರಳಿ ಸೇರಿಸಿ’ ಎಂದಳು. ‘ಟಿ.ಸಿ. ಯಾಕೆ ತೆಗೆದಿರಿ?’

ಮನೆಗೆ ಬಂದು ಹೇಳಿದಾಗ ಗಂಡ ಹಾಸಿಗೆಯಿಂದ ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿದರು. ‘ಕ...ಳಸು. ಆಕಿನ್ನ... ಕಳಸು.’ ನನ್ನ ಚಿಂತೆ ಬಿಡು, ಮಗಳನ್ನು ಅಲ್ಲಿಗೇ ಕಳಿಸು ಎಂದು. ಅಷ್ಟು ಹೇಳಲು ಅವರಿಗೆ ಬೆವರು ಬಂತು. ಮಗಳು ಒರೆಸುತ್ತ, ‘ನೀವ ಸುಮ್ಮ ಮಲಕೋರಿ ಅಪ್ಪಾ, ಎಲ್ಲಾ ಆಗತೈತಿ’ ಎಂದಳು.

ಆಗಲಿಲ್ಲ. ಆ ಕಡೆಯ ಗುಮಾಸ್ತೆಗೆ ಫೋನು ಮಾಡಿದೆ, ಆಮೇಲೆ ಬಸ್ಸು ಹತ್ತಿ ಹೋದೆ. ಈ ಸಲ ಅವಳು ನಗಲಿಲ್ಲ. ಗಡಿನಾಡಿನವರ ಸೀಟು ಮೊದಲ ವರ್ಷದ ಪ್ರವೇಶಕ್ಕೆ ಮಾತ್ರ. ಒಮ್ಮೆ ಬಿಟ್ಟು ಹೋದವರನ್ನು ನಡುವೆ ಸೇರಿಸಬೇಕಾದರೆ ಅವರ ವಿಶ್ವವಿದ್ಯಾಲಯದ ಪರವಾನಗಿ ಬೇಕು. ಅದಕ್ಕೆ ಅರ್ಜಿ ಹಾಕುವ ತಾರೀಖು ನಾನು ಈ ಕಡೆಯ ಕಿಟಕಿಯ ಮುಂದೆ ಕುಳಿತಿದ್ದಾಗಲೇ ದಾಟಿಹೋಗಿತ್ತು. ‘ನಾ ಬಾಯಿಬಡಕೊಂಡ ಹೇಳಿದ್ನಿ’ ಎಂದಳು. ಅದು ನಿಜ.

ಎರಡು ರಾಜ್ಯ, ಎರಡೂ ನಮ್ಮವೇ. ಒಂದರಲ್ಲಿ ನಾವು ಹೊರನಾಡಿನವರು, ಇನ್ನೊಂದರಲ್ಲಿ ಹೊರಗಿನಿಂದ ಬಂದವರು. ಮಕ್ಕಳು ಎಲ್ಲಿ ಬೇಕಾದರೂ ಓಡಾಡಿ ಓದಲಿ ಎಂದು ದಿಲ್ಲಿಯಲ್ಲಿ ಕುಳಿತು ಯಾರೋ ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು. ಬರೆಯುವವರು ಗಡಿಯ ಬಸ್ಸಿನಲ್ಲಿ ಬಕೆಟ್ಟು ಹಿಡಿದು ಕುಳಿತವರಲ್ಲ. ದಾರಿ ಮಾಡಿದ್ದೇವೆ ಎಂದು ಗೋಡೆಯ ಮೇಲೆ ಬರೆದರು. ಬಾಗಿಲುಗಳನ್ನು ಮಾತ್ರ ಅವರವರ ಕೀಲಿಕೈಗೆ ಬಿಟ್ಟರು. ನಿಮ್ಮ ಮಕ್ಕಳ ಕಾಲೇಜು ಬದಲಿಸುವಾಗ ನನ್ನ ಮಾತು ನೆನಪಿಡಿ: ಸೇರಿಸಿಕೊಳ್ಳುವ ವಿದ್ಯಾಪೀಠದ ಕಾಗದ ಕೈಗೆ ಬರುವ ತನಕ ಹಳೆಯ ಹಾಸಿಗೆ ಸುತ್ತಬೇಡಿ. ಪ್ರಾಚಾರ್ಯರು ಹೇಳಿದರು, ಮಂತ್ರಿ ಹೇಳಿದರು, ಫ್ಲೆಕ್ಸು ಹೇಳಿತು, ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ವಿಷಯಗಳ ಪಟ್ಟಿಯನ್ನು ಎರಡೂ ಕಡೆಯದು ಪಕ್ಕಪಕ್ಕ ಇಟ್ಟು ನೋಡಿಸಿ. ಇದನ್ನೆಲ್ಲ ನಾನು ಈಗ ಕೇಳಿದವರಿಗೆ, ಕೇಳದವರಿಗೆ ಹೇಳುತ್ತೇನೆ. ಚಿಂದಿ ತೂಗುವಾಗಲೂ ಹೇಳುತ್ತೇನೆ. ಮಗಳು ಅಲ್ಲಿದ್ದರೆ ಎದ್ದು ಹೋಗುತ್ತಾಳೆ.

ಸುಪರಿಂಟೆಂಡೆಂಟರು ಒಂದು ಉಪಕಾರ ಮಾಡಿದರು. ಅಪೀಲು ಹಾಕೋಣ, ತೀರ್ಪು ಬರುವ ತನಕ ಹುಡುಗಿ ಎರಡನೆಯ ವರ್ಷದ ಕ್ಲಾಸಿನಲ್ಲಿ ಕುಳಿತಿರಲಿ ಎಂದರು. ಮಳೆಗಾಲವಿಡೀ ಅವಳು ಹೋದಳು. ಬೆಳಗ್ಗೆ ಅಪ್ಪನ ಮುಖ ತೊಳೆಸಿ, ಗಂಜಿ ಕುಡಿಸಿ, ಕೊಡೆ ಹಿಡಿದು ಹೊರಡುವಳು. ಎಲ್ಲರಿಗಿಂತ ಚೆನ್ನಾಗಿ ಉತ್ತರ ಹೇಳುತ್ತಿದ್ದಳಂತೆ. ಆದರೆ ಹಾಜರಿ ಕರೆಯುವಾಗ ಅವಳ ಹೆಸರು ಬರುತ್ತಿರಲಿಲ್ಲ. ಹೊಸದಾಗಿ ಬಂದ ಪ್ರಾಧ್ಯಾಪಕರೊಬ್ಬರು ‘ನೀನು ಯಾರು?’ ಎಂದು ಕೇಳಿದ ದಿನ ಮನೆಗೆ ಬಂದು ಅದನ್ನು ನಗುತ್ತಲೇ ಹೇಳಿದಳು. ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ಹೆಸರಿದ್ದವರಿಗೆ ಮಾತ್ರ. ಇವಳು ಪಕ್ಕದವಳು ಮಾಡುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ನಾನು ತಿಂಗಳಿಗೆ ಮೂರು ನಾಲ್ಕು ಸಲ ಆ ಕಿಟಕಿಗೆ ಹೋಗುತ್ತಿದ್ದೆ. ಫೈಲು ಸಮಿತಿಯ ಮುಂದಿದೆ ಎನ್ನುತ್ತಿದ್ದರು. ಸಮಿತಿ ಸೇರಿತೇ ಎಂದರೆ, ಇನ್ನೂ ಇಲ್ಲ.

ಪರೀಕ್ಷೆಯ ಫಾರ್ಮು ತುಂಬುವ ಸಮಯ ಬಂತು. ಫಾರ್ಮು ಕಂಪ್ಯೂಟರಿನಿಂದ ಬರುತ್ತದೆ, ಹೆಸರಿದ್ದವರಿಗೆ ಬಂತು. ಅವಳು ಆ ದಿನವೂ ಕ್ಲಾಸು ಮುಗಿಸಿಯೇ ಬಂದಳು. ಮರುದಿನ ಕೊಡೆ ಗೂಟದಲ್ಲೇ ಇತ್ತು.

‘ಯಾಕ, ಹೋಗಂಗಿಲ್ಲೇನು?’

‘ಎಲ್ಲರೂ ಪರೀಕ್ಷಾದ ಓದು ಓದಾಕ ಹತ್ಯಾರವ್ವಾ. ನಾ ಅಲ್ಲಿ ಕುಂತು ಏನ ಓದ್ಲಿ?’

ನಾನು ಸುಪರಿಂಟೆಂಡೆಂಟರ ಹತ್ತಿರ ಓಡಿದೆ. ಅವರು ತಲೆ ತಗ್ಗಿಸಿಕೊಂಡೇ ಇದ್ದರು. ಅಪೀಲಿನ ಉತ್ತರ ಅದೇ ವಾರ ಬಂದಿತ್ತು: ನಿಯಮದ ಪ್ರಕಾರ ಮಾನ್ಯ ಮಾಡಲು ಬರುವುದಿಲ್ಲ, ವಿದ್ಯಾರ್ಥಿನಿ ಇಚ್ಛಿಸಿದರೆ ಮುಂದಿನ ಶೈಕ್ಷಣಿಕ ವರ್ಷದಲ್ಲಿ ಮೊದಲ ವರ್ಷಕ್ಕೆ ಹೊಸದಾಗಿ ಪ್ರವೇಶ ಪಡೆಯಬಹುದು.

ಚಳಿಗಾಲವೆಲ್ಲ ಅವಳು ಮನೆಯಲ್ಲಿದ್ದಳು. ಗಂಡ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವಂತಾದರು. ಅದೊಂದು ಅವಳಿಂದಲೇ ಆದದ್ದು. ಆದರೆ ಅವರು ನಡೆಯುತ್ತ ಅವಳ ಮುಖ ನೋಡುತ್ತಿರಲಿಲ್ಲ. ಒಂದು ದಿನ ಊಟ ಬಡಿಸುವಾಗ ನನಗೆ ಮಾತ್ರ ಕೇಳುವಂತೆ, ‘ನನ್ನ... ಸಲುವಾಗಿ’ ಎಂದರು. ಅಲ್ಲ ಎಂದು ನಾನು ಹೇಳಬೇಕಿತ್ತು. ಅನ್ನ ಕಲೆಸಿದೆ.

ಮತ್ತೆ ಜೂನು ಬಂತು. ಮೊದಲ ವರ್ಷದ ಪ್ರವೇಶ ತೆರೆದ ದಿನವೇ ನಾನು ಕಾಲೇಜಿಗೆ ಹೋಗಿ ಎಲ್ಲ ವಿಚಾರಿಸಿಕೊಂಡು ಬಂದೆ. ಹೋಗಲಿ, ಒಂದು ವರ್ಷ ಹೋಯಿತು, ಒಂದು ವರ್ಷಕ್ಕೆ ಯಾರೂ ಸಾಯುವುದಿಲ್ಲ, ನಷ್ಟದಲ್ಲೂ ಮಾಲು ಬಿಡಿಸಿಕೊಳ್ಳುವವನೇ ವ್ಯಾಪಾರಿ ಎಂದು ಅವಳಿಗೆ ಬುದ್ಧಿ ಹೇಳಿದೆ. ಅವಳು ಅಪ್ಪನ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು.

‘ನಾ ಓದಿದ್ದ ಮತ್ತ ಓದಬೇಕು. ಪಾಸಾದದ್ದು ಮತ್ತ ಪಾಸಾಗಬೇಕು’ ಎಂದಳು. ‘ಆಮ್ಯಾಲೆ ಮತ್ತ್ಯಾರರೆ ಏನರೆ ನಿಯಮ ಬದಲಿ ಮಾಡ್ತಾರ. ಮತ್ತ ಒಂದನೇದಕ್ಕ ಕುಂದ್ರಬೇಕು. ನಾ ಒಲ್ಲೆ ಅವ್ವಾ.’

‘ಹಟಾ ಮಾಡಬ್ಯಾಡ.’

‘ಹಟಾ ಅಲ್ಲವ್ವಾ. ಹಟಾ ಮುಗದೈತಿ.’

ನಾನು ಒಂದು ವಾರ ಅವಳನ್ನು ಒಲಿಸಲು ನೋಡಿದೆ. ಬೈದೆ, ಅತ್ತೆ, ಅಪ್ಪನ ಹೆಸರು ತೆಗೆದೆ. ನನ್ನ ಎಲ್ಲ ವಿದ್ಯೆಯನ್ನೂ ಅವಳ ಮೇಲೆ ಪ್ರಯೋಗಿಸಿದೆ. ಅವಳು ಪ್ರತಿ ಮಾತಿಗೂ ತಾಳ್ಮೆಯಿಂದ ಉತ್ತರ ಕೊಟ್ಟಳು, ಆ ವಿದ್ಯಾಪೀಠದ ಹುಡುಗಿ ಕೊಟ್ಟಂತೆ. ಅವಳಿಗೂ ನನ್ನಿಂದ ಬೇಕಾದದ್ದು ಏನೂ ಉಳಿದಿರಲಿಲ್ಲ.

ಪ್ರವೇಶದ ಕೊನೆಯ ದಿನ ಹೋಯಿತು. ಅದರ ಮಾರನೆಯ ಬೆಳಗ್ಗೆ ತಾನಾಗಿಯೇ ಬಾಯಿಬಿಟ್ಟಳು: ಎಂಐಡಿಸಿಯಲ್ಲಿ ಔಷಧದ ಬಾಟಲಿಗೆ ಮುಚ್ಚಳ ಮಾಡುವ ಘಟಕದಲ್ಲಿ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದಾರೆ, ಕೇಳಿಕೊಂಡು ಬರೋಣ. ಅಪ್ಪ ಈಗ ಒಬ್ಬರೇ ಇರಬಲ್ಲರು.

ಆ ಘಟಕ ನನಗೆ ಗೊತ್ತಿದ್ದದ್ದೇ. ಸುಪರ್‌ವೈಜರ್ ನನ್ನನ್ನು ಕಂಡೊಡನೆ ‘ಅರೇ, ಚಿಂದಿ ಮಾವಶಿ!’ ಎಂದು ಕುರ್ಚಿ ಎಳೆದ. ನಾನು ದಾರಿಯಲ್ಲೇ ಎಲ್ಲ ಜೋಡಿಸಿಕೊಂಡಿದ್ದೆ: ಹಗಲು ಪಾಳಿಯೇ ಬೇಕು, ಪ್ಯಾಕಿಂಗಿನಲ್ಲಿ ಬೇಡ, ಪರೀಕ್ಷಾ ವಿಭಾಗದಲ್ಲಿ ಕೊಡು, ಕೆಮಿಸ್ಟ್ರಿ ಬಲ್ಲ ಹುಡುಗಿ ಇವಳು, ಬರಿಯ ಕೈಗೆಲಸದವಳಲ್ಲ. ಬಾಯಿ ತೆರೆದೆ.

‘ಅವ್ವಾ, ನೀ ಏನೂ ಮಾತಾಡಬ್ಯಾಡ’ ಎಂದಳು ಮಗಳು ಕನ್ನಡದಲ್ಲಿ, ಮೆಲ್ಲಗೆ.

ಸುಪರ್‌ವೈಜರ್ ಪೆನ್ನು ತೆಗೆದ. ಹೆಸರು ಕೇಳಿದ, ವಯಸ್ಸು ಕೇಳಿದ. ‘ಶಿಕ್ಷಣ ಕಿತಿ?’ ಎಂದ, ಎಷ್ಟು ಓದಿದ್ದೀ ಎಂದು.

‘ಬಾರಾವಿ’ ಎಂದಳು. ಹನ್ನೆರಡನೆಯದು.

ಅವನು ಬರೆದುಕೊಂಡ. ನಾಳೆಯಿಂದ ಯಾಕೆ, ಬೇಕಾದರೆ ಇವತ್ತಿನಿಂದಲೇ ಬಾ ಎಂದ. ಹೊರಗೆ ಪಡಸಾಲೆಯಲ್ಲಿ ಅವಳು ತಲೆಗೆ ಟೋಪಿ ಹಾಕಿಕೊಂಡು ಕೂದಲು ಒಳಗೆ ಸೇರಿಸುವಾಗ ನಾನು ತಡೆಯಲಾರದೆ ಕೇಳಿದೆ:

‘ಒಂದ ವರ್ಷ ಡಿಗ್ರಿ ಓದೇನಿ ಅಂತರೆ ಹೇಳಬೇಕಿಲ್ಲೇನು? ಅದು ಇಲ್ಲದಂಗ ಆತೇನು?’

‘ಯಾವ ವರ್ಷ ಅವ್ವಾ?’ ಎಂದಳು.

ಕೋಪದಿಂದ ಕೇಳಲಿಲ್ಲ. ನಿಜವಾಗಿಯೇ ಕೇಳಿದಂತೆ ಇತ್ತು. ಅಷ್ಟರಲ್ಲಿ ಪಾಳಿಯ ಗಂಟೆ ಹೊಡೆಯಿತು, ಅವಳು ಬೇರೆ ಹುಡುಗಿಯರ ಹಿಂದೆ ಒಳಗೆ ಹೋದಳು.